ಅಗ್ಗದ ಮೇಸ್ತ್ರಿ ಬೇಡ, ಅಗ್ಗದ ಮನೆ ಇರಲಿ

‘ಊರಲ್ಲೊಂದು ಪುಟ್ಟ ಮನೆ ಕಟ್ಟಬೇಕು ಕಣ್ರೀ. ದೊಡ್ಡದೇನೂ ಬೇಡ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಒಳಗೇ ಒಂದು ಬಚ್ಚಲು. ಅಮ್ಮ ಇರೋಷ್ಟು ದಿನ ನೆಮ್ಮದಿಯಾಗಿರ್ಲಿ. ಆಮೇಲೆ ನಾವೂ ಹೋಗಿ ಇದ್ರಾಯ್ತು.’

ನಗರದಲ್ಲಿ ನಾಲ್ಕು ಜನ ಹೆಂಗಸರು ಸೇರಿದ ಕಡೆ ಈ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ನೀವೂ ಆಡಿರುತ್ತೀರಿ. ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: ‘ಮನೆ ಕಟ್ಟೋದೇನೋ ಸರಿ, ನಂಬಿಕಸ್ತ ಮೇಸ್ತ್ರಿ ಎಲ್ಲಿ ಸಿಗ್ತಾನೆ?’

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಮ್ಮ ಮನೆಯ ಕತೆಯನ್ನೇ ಹೇಳಿಬಿಡುತ್ತೇನೆ.

2018ರಲ್ಲಿ ಶಿರಾ ಕಡೆಯ ನಮ್ಮೂರಿನಲ್ಲಿ ಅಮ್ಮನಿಗೆ ಆರು ಚದರದ ಮನೆ ಕಟ್ಟಿಸಲು ಹೊರಟೆವು. ನಮ್ಮ ಯಜಮಾನರು, ನನ್ನ ತಮ್ಮ ಇಬ್ಬರೂ ಊರಿನ ಹೋಟೆಲಿನಲ್ಲಿ ಕೂತು ಮೂವರು ಮೇಸ್ತ್ರಿಗಳನ್ನು ಕರೆಸಿ ಮಾತಾಡಿದರು. ಮೂವರಲ್ಲಿ ಯಾರು ಚದರಕ್ಕೆ ಕಡಿಮೆ ಹೇಳಿದನೋ ಅವನಿಗೇ ಕೆಲಸ ಎಂದಾಯಿತು. ಒಟ್ಟು ಹಣದಲ್ಲಿ ಮೂರನೇ ಒಂದು ಭಾಗ ಮುಂಗಡ ಕೇಳಿದ, ಕೊಟ್ಟೆವು. ಅದರಲ್ಲಿ ನನ್ನ ಎರಡು ವರ್ಷದ ಚೀಟಿ ದುಡ್ಡಿತ್ತು, ಎರಡು ಬಳೆಯೂ ಇತ್ತು. ಹಳೆಯ ಮಣ್ಣಿನ ಗೋಡೆಯ ಮನೆ ಕೆಡವಿ, ಅಮ್ಮನನ್ನು ಪಕ್ಕದವರ ಕೊಟ್ಟಿಗೆಗೆ ಸೇರಿದ ಕೋಣೆಯಲ್ಲಿ ಇರಿಸಿದೆವು. ‘ಮೂರೇ ತಿಂಗಳು’ ಅಂದಿದ್ದ ಮೇಸ್ತ್ರಿ.

ಗೋಡೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತು. ‘ನಾಳೆ ಬರ್ತೀನಣ್ಣ’ ಎಂದವನು ನಾಡಿದ್ದೂ ಬರಲಿಲ್ಲ. ಆಮೇಲೆ ಫೋನೂ ಎತ್ತಲಿಲ್ಲ. ಹಸ್ತ ಮಳೆ ಹಿಡಿಯಿತು. ಎಪ್ಪತ್ತು ದಾಟಿದ ಅಮ್ಮ ದನದ ವಾಸನೆಯ ಕೋಣೆಯಲ್ಲಿ, ಸೋರುವ ಕಡೆ ಪಾತ್ರೆ ಇಟ್ಟುಕೊಂಡು ಮಲಗಿದರು. ನಾನು ಫೋನು ಮಾಡಿದಾಗಲೆಲ್ಲ ‘ಇಲ್ಲಿ ಮಳೇನೇ ಇಲ್ಲ ಬಿಡವ್ವ’ ಅನ್ನುತ್ತಿದ್ದರು. ಸುಳ್ಳು ಎಂದು ಗೊತ್ತಾದದ್ದು ಹೋಗಿ ನೋಡಿದ ಮೇಲೆಯೇ.

ಕಡಿಮೆ ರೇಟಿನ ಮರ್ಮ

ಮೇಸ್ತ್ರಿ ಓಡಿಹೋಗಿದ್ದಾನೆ ಅಂದುಕೊಂಡಿದ್ದೆವು. ಅವನಿದ್ದದ್ದು ಎರಡು ಊರು ಆಚೆ, ಇನ್ನೊಬ್ಬರ ಮನೆಗೆ ತಾರಸಿ ಹಾಕಿಸುತ್ತಾ. ನಮಗಿಂತ ಮೊದಲು ಒಪ್ಪಿಕೊಂಡ ಮನೆ ಅದು. ಅಲ್ಲೂ ಕಡಿಮೆ ರೇಟು ಹೇಳಿ ಕೈಸುಟ್ಟುಕೊಂಡಿದ್ದ. ಅಲ್ಲಿ ಕಮ್ಮಿ ಬಿದ್ದ ದುಡ್ಡಿಗೆ ನಮ್ಮ ಮುಂಗಡ ಹಾಕಿದ. ನಮ್ಮ ಮನೆ ಮುಗಿಸಲು ಇನ್ನೊಬ್ಬರ ಮುಂಗಡ ಸಿಗಬೇಕಿತ್ತು.

ಇದನ್ನು ಚೆನ್ನಾಗಿ ಗಮನಿಸಿ. ಮೂರು ಜನ ಹೇಳಿದ ದರದಲ್ಲಿ ಇಬ್ಬರದು ಹತ್ತಿರ ಹತ್ತಿರವಿದ್ದು, ಒಬ್ಬನದು ಮಾತ್ರ ತೀರಾ ಕಡಿಮೆ ಇದ್ದರೆ ಅದು ಅದೃಷ್ಟವಲ್ಲ, ಎಚ್ಚರಿಕೆ. ಸಿಮೆಂಟಿನ ಬೆಲೆ, ಕಬ್ಬಿಣದ ಬೆಲೆ, ಆಳಿನ ಕೂಲಿ ಎಲ್ಲರಿಗೂ ಒಂದೇ. ಹಾಗಿರುವಾಗ ಅವನಿಗೆ ಮಾತ್ರ ಹೇಗೆ ಗಿಟ್ಟುತ್ತದೆ? ಒಂದೋ ಮಾಲಿನಲ್ಲಿ ಕಡಿತ ಮಾಡುತ್ತಾನೆ, ಇಲ್ಲವೇ ಅರ್ಧಕ್ಕೆ ನಿಲ್ಲಿಸಿ ‘ರೇಟು ಏರಿದೆ’ ಅನ್ನುತ್ತಾನೆ. ಎರಡೂ ಅಲ್ಲದಿದ್ದರೆ ಮುಂದಿನವರ ದುಡ್ಡಿಗೆ ಕಾಯುತ್ತಾನೆ.

ತಪ್ಪು ಮೇಸ್ತ್ರಿಯದು ಮಾತ್ರವೇ? ಕೊತ್ತಂಬರಿ ಕಟ್ಟನ್ನೂ ಮೂಸಿ ನೋಡಿ ಕೊಳ್ಳುವವಳು ನಾನು. ಬಳೆ ಬಿಚ್ಚಿ ಕೊಡುವಾಗ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ‘ನಿನಗೇನು ಗೊತ್ತಾಗುತ್ತೆ’ ಎಂದು ಯಾರೂ ಅನ್ನಲಿಲ್ಲ. ನನಗೆ ನಾನೇ ಅಂದುಕೊಂಡೆ.

ಕೇಳಬೇಕಾದದ್ದು ಯಾರನ್ನು?

ಎರಡನೇ ಮೇಸ್ತ್ರಿಯನ್ನು ಹುಡುಕಿದ್ದು ನಾನೇ. ಹೋಟೆಲಿನಲ್ಲಿ ಅಲ್ಲ, ಅಡುಗೆಮನೆಗಳಲ್ಲಿ.

ಊರ ಸುತ್ತಮುತ್ತ ಮೂರು ನಾಲ್ಕು ವರ್ಷದ ಹಿಂದೆ ಕಟ್ಟಿದ, ನಮ್ಮದರಷ್ಟೇ ಅಳತೆಯ ಮನೆಗಳಿಗೆ ಹೋದೆ. ಹೊಸ ಮನೆ ನೋಡಿದರೆ ಏನೂ ತಿಳಿಯುವುದಿಲ್ಲ, ಬಣ್ಣ ಎಲ್ಲವನ್ನೂ ಮುಚ್ಚಿರುತ್ತದೆ. ಮೂರು ಮಳೆಗಾಲ ಕಂಡ ಮನೆ ಸುಳ್ಳು ಹೇಳುವುದಿಲ್ಲ. ಆ ಮನೆಯ ಹೆಂಗಸನ್ನು ಕೇಳಿ: ತಾರಸಿ ಸೋರುತ್ತಾ? ಬಚ್ಚಲ ನೀರು ತಾನಾಗಿ ಹರಿಯುತ್ತಾ, ಇಲ್ಲ ಪೊರಕೆಯಲ್ಲಿ ನೂಕಬೇಕಾ? ಕಿಟಕಿಯ ಮೂಲೆಯಲ್ಲಿ ಗೋಡೆ ಬಿರುಕು ಬಿಟ್ಟಿದೆಯಾ? ಕೆಲಸ ಎಷ್ಟು ದಿನ ನಿಂತಿತ್ತು? ಹೇಳಿದ್ದಕ್ಕಿಂತ ಎಷ್ಟು ಜಾಸ್ತಿ ಕೇಳಿದ? ಗಂಡಸರು ಈ ಪ್ರಶ್ನೆಗೆ ‘ಪರವಾಗಿಲ್ಲ’ ಅಂದುಬಿಡುತ್ತಾರೆ. ದಿನಾ ಬಚ್ಚಲು ತೊಳೆಯುವವಳು ಹಾಗೆ ಅನ್ನುವುದಿಲ್ಲ.

ಇನ್ನೊಬ್ಬರಿದ್ದಾರೆ, ಅವರನ್ನು ಯಾರೂ ಕೇಳುವುದೇ ಇಲ್ಲ: ಬಾಂಡ್ಲಿ ಹೊರುವ ಹೆಣ್ಣಾಳುಗಳು. ಮೇಸ್ತ್ರಿ ಈಗ ಕೆಲಸ ಮಾಡಿಸುತ್ತಿರುವ ಜಾಗಕ್ಕೆ ಹೋಗಿ, ಅವರು ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂತು ಮಾತಾಡಿಸಿ. ‘ಬಟವಾಡೆ ಸರಿಯಾಗಿ ಕೊಡ್ತಾರೇನಕ್ಕ?’ ಎಂದು ಕೇಳಿ. ವಾರದ ಬಟವಾಡೆ ತಪ್ಪಿಸುವ ಮೇಸ್ತ್ರಿಯ ಹತ್ತಿರ ಆಳು ನಿಲ್ಲುವುದಿಲ್ಲ, ಆಳು ನಿಲ್ಲದಿದ್ದರೆ ನಿಮ್ಮ ಗೋಡೆ ಏಳುವುದಿಲ್ಲ. ಮಿಶ್ರಣಕ್ಕೆ ಎಷ್ಟು ಬಾಂಡ್ಲಿ ಮರಳು ಬೀಳುತ್ತದೆ ಎಂದು ಲೆಕ್ಕ ಇಟ್ಟಿರುವವರೂ ಅವರೇ.

ನಮಗೆ ಮೇಸ್ತ್ರಿ ಸಿಕ್ಕಿದ್ದು ಪಕ್ಕದ ಊರಿನ ಅಂಗನವಾಡಿ ಶಿಕ್ಷಕಿಯ ಮನೆಯಲ್ಲಿ. ‘ಬಾಯಿ ಸ್ವಲ್ಪ ಜೋರು, ಕೆಲಸ ಮಾತ್ರ ಚೊಕ್ಕ’ ಅಂದರು ಆಕೆ. ಮೇಸ್ತ್ರಿಗೆ ಬೇಕಾದದ್ದೂ ಅಷ್ಟೇ ಅಲ್ಲವೇ?

ಜಾಗದ ಕಾಗದ ಮೊದಲು

ಮೇಸ್ತ್ರಿಯನ್ನು ಒಪ್ಪಿಸುವ ಮೊದಲು ಜಾಗದ ಕಾಗದ ನೋಡಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಮತ್ತು 11 ಸಿಗುತ್ತವೆ. ಖಾತೆ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಅರ್ಧ ಕಟ್ಟಿದ ಮೇಲೆ ದಾಯಾದಿಗಳು ಬಂದು ನಿಲ್ಲಿಸಿದರೆ ಯಾವ ಮೇಸ್ತ್ರಿಯೂ ಏನೂ ಮಾಡಲಾರ. ಮನೆ ಕಟ್ಟಲು ಪಂಚಾಯಿತಿಯ ಪರವಾನಗಿಯೂ ಬೇಕು.

ಊರಿನಲ್ಲಿರುವ ಅಮ್ಮನೋ ಅತ್ತೆಯೋ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದ ಪಟ್ಟಿಯಲ್ಲಿದ್ದಾರೆಯೇ ಎಂದೂ ಪಂಚಾಯಿತಿಯಲ್ಲಿ ವಿಚಾರಿಸಿ. 2016ರಲ್ಲಿ ಶುರುವಾದ ಈ ಯೋಜನೆಯನ್ನು 2024ರಲ್ಲಿ ಮತ್ತೆ ಐದು ವರ್ಷ ಮುಂದುವರಿಸಲಾಯಿತು. ಬಯಲು ಪ್ರದೇಶದಲ್ಲಿ ಮನೆಗೆ 1.20 ಲಕ್ಷ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ ಇರಬೇಕು. ಇದರಲ್ಲೊಂದು ವಿಶೇಷವಿದೆ. ಈ ಮನೆಯನ್ನು ಗುತ್ತಿಗೆದಾರರಿಗೆ ವಹಿಸುವಂತಿಲ್ಲ, ಫಲಾನುಭವಿಯೇ ನಿಂತು ಕಟ್ಟಿಸಬೇಕು. ಹಣವೂ ಒಂದೇ ಸಲ ಬರುವುದಿಲ್ಲ. ಇಷ್ಟು ಕಟ್ಟಿದ ಮೇಲೆ ಇಷ್ಟು ಎಂದು ಫೋಟೊ ನೋಡಿ ಕಂತಿನಲ್ಲಿ ಬಿಡುತ್ತಾರೆ.

ಸರ್ಕಾರವೇ ಹಂತ ನೋಡಿ ದುಡ್ಡು ಬಿಡುವಾಗ ನಾವೇಕೆ ಮೊದಲೇ ಗಂಟು ಬಿಚ್ಚಬೇಕು?

ಯಾವ ಗುತ್ತಿಗೆ ಒಳ್ಳೆಯದು?

ನಮ್ಮ ಕಡೆ ಎರಡು ಬಗೆ. ಮಾಲು, ಕೂಲಿ ಎರಡೂ ಮೇಸ್ತ್ರಿಯದೇ ಆಗಿ ಚದರಕ್ಕೆ ಇಷ್ಟು ಎಂದು ಮಾತಾಡುವುದು ಒಂದು. ಮಾಲು ನಮ್ಮದು, ಕೂಲಿ ಮಾತ್ರ ಅವನದು ಎನ್ನುವ ಲೇಬರ್ ಗುತ್ತಿಗೆ ಇನ್ನೊಂದು.

ಮೊದಲನೆಯದರಲ್ಲಿ ಓಡಾಟ ಕಡಿಮೆ, ಆದರೆ ಒಳಗೆ ಏನು ಹಾಕಿದ ಎಂದು ತಿಳಿಯುವುದಿಲ್ಲ. ಎರಡನೆಯದರಲ್ಲಿ ಮಾಲು ನಮ್ಮ ಕಣ್ಣೆದುರು ಬರುತ್ತದೆ, ಆದರೆ ನೋಡಿಕೊಳ್ಳಲು ಜನ ಬೇಕು. ಊರಿನಲ್ಲಿ ತಮ್ಮನೋ ಭಾವನೋ ದಿನಾ ಹೋಗಿ ನಿಲ್ಲುವಂತಿದ್ದರೆ ಲೇಬರ್ ಗುತ್ತಿಗೆಯೇ ವಾಸಿ. ಯಾರೂ ಇಲ್ಲದಿದ್ದರೆ ಪೂರ್ತಿ ಗುತ್ತಿಗೆ ಕೊಡಿ. ಆದರೆ ಸಿಮೆಂಟು, ಕಬ್ಬಿಣ ಎರಡನ್ನಾದರೂ ನೀವೇ ಅಂಗಡಿಯಿಂದ ತರಿಸಿಕೊಡಿ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಮೇಸ್ತ್ರಿ ಹಳೆಯ ಲೆಕ್ಕದಲ್ಲೇ ಅಂದಾಜು ಕೊಟ್ಟರೆ ಕೇಳಲು ಹಿಂಜರಿಯಬೇಡಿ.

ಬಾಯಿಮಾತು ಸಾಲದು

‘ನಮ್ಮೂರೋನೇ, ಅವನ ಹತ್ರ ಏನು ಬರೆಸಿಕೊಳ್ಳೋದು?’ ಎನ್ನುತ್ತಾರೆ. ನಮ್ಮೂರಿನವನು ಎಂದೇ ಬರೆಸಿಕೊಳ್ಳಬೇಕು. ನಾಳೆ ಮುಖ ಮುರಿಯದಿರಲಿ ಎಂದು. ಎಲ್ಲ ವಿವರ ಒಂದು ಕಾಗದದಲ್ಲಿ ಬರೆದು, ಇಬ್ಬರೂ ರುಜು ಹಾಕಿ, ಇಬ್ಬರು ಸಾಕ್ಷಿಗಳಿದ್ದರೆ ಒಳ್ಳೆಯದು.

ಮೊದಲು ಅಳತೆಯ ಮಾತು. ಒಂದು ಚದರ ಎಂದರೆ 100 ಚದರಡಿ. ಆದರೆ ಯಾವುದರ ಅಳತೆ? ಗೋಡೆಯಿಂದ ಗೋಡೆಗೋ, ತಾರಸಿಯ ಅಂಚಿನಿಂದ ಅಂಚಿಗೋ? ಮುಂದಿನ ಪೋರ್ಟಿಕೊ, ಕಿಟಕಿ ಮೇಲಿನ ಸಜ್ಜಾ, ಮೆಟ್ಟಿಲು ಲೆಕ್ಕಕ್ಕೆ ಸೇರುತ್ತವೋ ಇಲ್ಲವೋ? ನಮ್ಮ ಆರು ಚದರದ ಮನೆ ಮೊದಲ ಮೇಸ್ತ್ರಿಯ ಬಾಯಲ್ಲಿ ಏಳೂಕಾಲು ಚದರ ಆಗಿದ್ದು ಹೀಗೆಯೇ.

ಆಮೇಲೆ, ಏನೇನು ಸೇರಿಲ್ಲ ಎಂಬುದು. ಸಂಪು, ಪಾಯಿಖಾನೆ ಗುಂಡಿ, ವೈರಿಂಗ್, ನಲ್ಲಿ, ಬಣ್ಣ, ಅಡುಗೆಮನೆ ಕಟ್ಟೆಯ ಕಲ್ಲು, ಪಾಯಕ್ಕೆ ತುಂಬುವ ಮಣ್ಣು ಇವುಗಳಲ್ಲಿ ಒಂದೊಂದನ್ನೂ ಹೆಸರು ಹಿಡಿದು ಕೇಳಿ. ‘ಅದೆಲ್ಲ ಬರುತ್ತಮ್ಮಾ’ ಅಂದರೆ ‘ಹಾಗಾದರೆ ಬರೆಯಿರಿ ಮೇಸ್ತ್ರಿಗಳೇ’ ಅನ್ನಿ. ಗೋಡೆಯ ದಪ್ಪ, ಕಬ್ಬಿಣದ ಸರಳಿನ ಗಾತ್ರ, ಮುಗಿಸುವ ತಿಂಗಳು ಕೂಡ ಅದರಲ್ಲಿರಲಿ.

ದುಡ್ಡಿನ ಗಂಟು ನಿಮ್ಮ ಕೈಯಲ್ಲಿ

ಎರಡನೇ ಸಲ ನಾವು ಮಾಡಿದ ಕ್ರಮ ಇದು. ಒಟ್ಟು ನೂರು ರೂಪಾಯಿ ಎಂದಿಟ್ಟುಕೊಂಡರೆ ಮುಂಗಡ 5. ಪಾಯ ಮುಗಿದ ಮೇಲೆ 15. ಲಿಂಟಲ್ ಮಟ್ಟಕ್ಕೆ ಬಂದ ಮೇಲೆ 20. ತಾರಸಿ ಹಾಕಿದ ಮೇಲೆ 25. ಗಾರೆ ಮುಗಿದ ಮೇಲೆ 15. ನೆಲ, ಬಾಗಿಲು, ಬಣ್ಣ ಆದ ಮೇಲೆ 10. ಉಳಿದ 10ರಲ್ಲಿ ಅರ್ಧ ಗೃಹಪ್ರವೇಶದ ದಿನ, ಇನ್ನರ್ಧ ಒಂದು ಮಳೆಗಾಲ ಕಳೆದ ಮೇಲೆ.

ಕೊನೆಯ ಐದು ರೂಪಾಯಿಗೆ ಮೇಸ್ತ್ರಿ ಮುಖ ಗಂಟಿಕ್ಕಿದರು. ‘ನನ್ ಮೇಲೆ ನಂಬಿಕೆ ಇಲ್ವೇನಮ್ಮಾ?’ ಅಂದರು. ‘ನಿಮ್ಮ ಮೇಲೆ ಇದೆ ಮೇಸ್ತ್ರಿಗಳೇ, ಮಳೆ ಮೇಲೆ ಇಲ್ಲ’ ಅಂದೆ. ನಕ್ಕು ಒಪ್ಪಿದರು.

ನಾವು ಮಾಡಿದ್ದು ಲೇಬರ್ ಗುತ್ತಿಗೆ, ಮಾಲು ನಮ್ಮದೇ. ಹಾಗಾಗಿ ಮುಂಗಡ ಅಷ್ಟು ಸಾಕಾಯಿತು. ಮಾಲೂ ಅವರದೇ ಆದರೆ ಸ್ವಲ್ಪ ಹೆಚ್ಚು ಕೇಳುವುದು ನ್ಯಾಯವೇ. ಆಗಲೂ ನೂರಕ್ಕೆ ಹತ್ತು ದಾಟಬೇಡಿ. ದುಡ್ಡು ಬ್ಯಾಂಕಿನಿಂದಲೋ ಮೊಬೈಲಿನಿಂದಲೋ ಹಾಕಿ, ಗುರುತು ಉಳಿಯುತ್ತದೆ. ಕೈಯಲ್ಲಿ ಕೊಟ್ಟರೆ ನೋಟುಬುಕ್ಕಿನಲ್ಲಿ ರುಜು ತಗೊಳ್ಳಿ. ನಾವೂ ಮಾತಿಗೆ ತಪ್ಪಬಾರದು. ಹಂತ ಮುಗಿದ ಕೂಡಲೇ ಹಣ ಕೊಡಿ. ಆಳುಗಳ ಬಟವಾಡೆ ಅದರಲ್ಲೇ ಆಗಬೇಕು.

ಉಳಿತಾಯ ಎಲ್ಲಿ?

ಮೇಸ್ತ್ರಿಯ ಕೂಲಿಯಲ್ಲಿ ಹಿಂಡಿ ಉಳಿಸುವುದು ಉಳಿತಾಯವಲ್ಲ. ಮನೆಯ ನಕ್ಷೆಯಲ್ಲಿ, ಸಾಮಗ್ರಿಯಲ್ಲಿ ಉಳಿಸಿ. ಚೌಕನೆಯ ಮನೆಗೆ ಗೋಡೆ ಕಡಿಮೆ ಸಾಕು. ಮೂಲೆ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಬಚ್ಚಲು, ಅಡುಗೆಮನೆ ಒತ್ತಾಗಿದ್ದರೆ ನೀರಿನ ಪೈಪು ಉಳಿಯುತ್ತದೆ. ಹಳೆಯ ಮನೆ ಕೆಡವುವಾಗ ಬಾಗಿಲು, ತೊಲೆ, ಹೆಂಚು, ಚಪ್ಪಡಿ ಜೋಪಾನವಾಗಿ ತೆಗೆಸಿ ಇಡಿಸಿ. ನಮ್ಮಮ್ಮನ ಮನೆಯ ಮುಂಬಾಗಿಲು ಅಜ್ಜಿಯ ಕಾಲದ್ದೇ.

ಊರ ಹತ್ತಿರ ಸಿಗುವುದನ್ನೇ ಬಳಸಿ. ಕರಾವಳಿಯಲ್ಲಿ ಕೆಂಪುಕಲ್ಲು, ಬಯಲುಸೀಮೆಯಲ್ಲಿ ಸೈಜುಗಲ್ಲು, ಕಲಬುರಗಿ ಕಡೆ ಶಹಾಬಾದ್ ಕಲ್ಲು. ಅಸ್ತ್ರ ಒಲೆಯ ಹೆಸರು ಕೇಳಿದ್ದೀರಲ್ಲ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅದೇ ‘ಅಸ್ತ್ರ’ ಕೇಂದ್ರದವರು ಮಣ್ಣಿನ ಇಟ್ಟಿಗೆಯ ಮೇಲೂ ಕೆಲಸ ಮಾಡಿದರು. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರು ಹಾಕಿ ಒಣಗಿಸಿದರೆ ಸಾಕು, ಸುಡುವ ಸೌದೆ ಬೇಡ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ಕ್ರಮವನ್ನು ಬಳಕೆಗೆ ತಂದರು. ಅದರಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪು. ಆದರೆ ಒಂದು ಮಾತು: ನಿಮ್ಮ ಮೇಸ್ತ್ರಿ ಇಂಥ ಗೋಡೆ ಹಿಂದೆ ಕಟ್ಟಿದ್ದರೆ ಮಾತ್ರ ಮಾಡಿಸಿ. ಗೊತ್ತಿಲ್ಲದವರ ಕೈಯಲ್ಲಿ ಪ್ರಯೋಗ ಬೇಡ.

ಅಡುಗೆಮನೆಯ ತಕ್ಕಡಿ ಸಾಕು

ಮಾಲು ಪರೀಕ್ಷೆಗೆ ಎಂಜಿನಿಯರೇ ಬೇಕೆಂದಿಲ್ಲ. ಸುಟ್ಟ ಇಟ್ಟಿಗೆಯೊಂದನ್ನು ತೂಗಿ, ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ. ಮೂರು ಕೆ.ಜಿ. ಇದ್ದದ್ದು ಮೂರು ಕೆ.ಜಿ. ಆರುನೂರು ಗ್ರಾಂ ದಾಟಿದರೆ ಆ ಲೋಡು ಬೇಡ. ಎರಡು ಇಟ್ಟಿಗೆ ತಾಕಿಸಿದರೆ ಠಣ್ ಎನ್ನಬೇಕು. ಮರಳನ್ನು ಗಾಜಿನ ಲೋಟದಲ್ಲಿ ನೀರು ಹಾಕಿ ಕದಡಿ ಇಡಿ. ಮೇಲೆ ದಪ್ಪ ಕೆಸರು ಕೂತರೆ ವಾಪಸು ಕಳಿಸಿ. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ. ಮೂರು ತಿಂಗಳಿಗಿಂತ ಹಳೆಯದು ಬೇಡ. ಎಂಟು ಮಿಲಿಮೀಟರಿನ ಸರಳು ಮೀಟರಿಗೆ ಸುಮಾರು 395 ಗ್ರಾಂ, ಹನ್ನೆರಡರದ್ದು ಸುಮಾರು 890 ಗ್ರಾಂ ತೂಗಬೇಕು.

ಇನ್ನು ನೀರು. ಕಾಂಕ್ರೀಟು ಕಲಸುವಾಗ ನೀರು ಹೆಚ್ಚಾಗಬಾರದು, ಸಾರಿನ ಹಾಗೆ ಹರಿದರೆ ಗಟ್ಟಿತನ ಹೋಯಿತು. ಹಾಕಿದ ಮೇಲೆ ನೀರು ಕಡಿಮೆಯಾಗಬಾರದು. ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ಕನಿಷ್ಠ ಹತ್ತು ದಿನ ನೀರು ನಿಲ್ಲಿಸಿ, ಎರಡು ವಾರವಾದರೆ ಇನ್ನೂ ಒಳ್ಳೆಯದು. ಮೇಸ್ತ್ರಿ ಎಷ್ಟೇ ಒಳ್ಳೆಯವರಾದರೂ ಈ ಕೆಲಸಕ್ಕೆ ಮನೆಯವರೇ ನಿಲ್ಲಬೇಕು. ಬಯಲುಸೀಮೆಯವರು ದೀಪಾವಳಿಯ ನಂತರ ಕೆಲಸ ಶುರು ಮಾಡಿದರೆ ನೀರೂ ಸಿಗುತ್ತದೆ, ಬಿಸಿಲೂ ಹದವಾಗಿರುತ್ತದೆ.

ಇಷ್ಟಾದರೂ ಮೋಸವಾದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವೆ’ ಎಂಬುದರೊಳಗೆ ಮನೆ ನಿರ್ಮಾಣವೂ ಸೇರಿದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆಗ ಕೆಲಸಕ್ಕೆ ಬರುವುದು ಆ ಕಾಗದ, ಆ ನೋಟುಬುಕ್ಕು. ನಮ್ಮ ಹತ್ತಿರ ಮೊದಲ ಸಲ ಎರಡೂ ಇರಲಿಲ್ಲ. ಆ ಮುಂಗಡದಲ್ಲಿ ಗೋಡೆಗೆ ಬಿದ್ದದ್ದಷ್ಟೇ ನಮ್ಮದಾಯಿತು. ಬಳೆ ಹೋಯಿತು.

ಮನೆ ಮುಗಿಯಿತು. ಮಳೆಗಾಲ ಕಳೆದ ಮೇಲೆ ಕೊನೆಯ ಕಂತು ಕೊಡಲು ಹೋದಾಗ ಮೇಸ್ತ್ರಿ ತಾವೇ ಏಣಿ ಹತ್ತಿ ತಾರಸಿ ನೋಡಿ ಬಂದರು. ಅಮ್ಮ ಒಳಗಿನಿಂದ ಕಾಫಿ ತಂದು, ‘ಈ ಸಲ ನಿಜವಾಗ್ಲೂ ಸೋರ್ಲಿಲ್ಲ ಕಣವ್ವ’ ಅಂದರು.

ಹಿಂದಿನ ಸಲ ಅಂದಿದ್ದು ಸುಳ್ಳು ಎಂದು ಅವರು ಒಪ್ಪಿಕೊಂಡದ್ದು ಆಗಲೇ.

ಆದ್ದರಿಂದ ಗೆಳತಿಯರೇ, ಮನೆಯಲ್ಲಿ ಗಂಡಸರು ಮೇಸ್ತ್ರಿಯ ಜೊತೆ ಮಾತಿಗೆ ಕೂತಾಗ ಕಾಫಿ ಕೊಟ್ಟು ಒಳಗೆ ಹೋಗಬೇಡಿ. ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ದುಡ್ಡಿನಲ್ಲಿ ನಿಮ್ಮ ಬಳೆಯ ಪಾಲಿದೆ. ಆ ಮನೆಯಲ್ಲಿ ಇರಬೇಕಾದವರು ನಿಮ್ಮ ಅಮ್ಮ, ನಿಮ್ಮ ಅತ್ತೆ, ನಾಳೆ ನೀವು. ಕೇಳುವ ಹಕ್ಕು ನಿಮಗಲ್ಲದೆ ಇನ್ನಾರಿಗೆ?

ನೆನಪಿರಲಿ

- ಮೂರು ಮಳೆಗಾಲ ಕಂಡ ಮನೆ ನೋಡಿ, ಆ ಮನೆಯ ಗೃಹಿಣಿಯನ್ನು ಕೇಳಿ.
- ಎಲ್ಲರಿಗಿಂತ ತೀರಾ ಕಡಿಮೆ ದರ ಹೇಳಿದವರನ್ನು ‘ಹೇಗೆ ಗಿಟ್ಟುತ್ತೆ?’ ಎಂದು ಕೇಳದೆ ಒಪ್ಪಬೇಡಿ.
- ಚದರದ ಲೆಕ್ಕದಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ಬರೆಸಿಕೊಳ್ಳಿ.
- ಮುಂಗಡ ಕಡಿಮೆ, ಉಳಿದದ್ದು ಹಂತ ಮುಗಿದ ಮೇಲೆ. ಕೊನೆಯ ಕಂತು ಮಳೆಯ ನಂತರ.
- ಹೊಸ ಮನೆಗೆ ತಾರಸಿ ಬೀಳುವವರೆಗೆ ಸಾಧ್ಯವಾದರೆ ಹಳೆಯ ಮನೆಯ ಒಂದು ಕೋಣೆಯನ್ನಾದರೂ ಕೆಡವದೆ ಉಳಿಸಿಕೊಳ್ಳಿ.